ಅಪ್ಪನ ಫೋನು ಮಗಳ ಚೀಲದಲ್ಲಿ

ಚಿಕ್ಕ ಮಕ್ಕಳ ಕೈಗೆ ಸ್ವಂತ ಮೊಬೈಲ್ ಕೊಡಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಗೆ ಸಿಂದಗಿ ತಾಲೂಕಿನ ಪರವಾಗಿ ಅಂತಿಮ ತೀರ್ಪು ಬರೆದವನು ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆಯಿಂದ ಹೇಳುವ ಕಾಲವೂ ಒಂದಿತ್ತು. ಅದು ಒಂದು ಶನಿವಾರದ ಮಧ್ಯಾಹ್ನಕ್ಕೆ ಮುಗಿದುಹೋಯಿತು.

ಆಗ ಮೊಬೈಲ್ ಎಂಬುದು ಮನೆಗೊಂದು ಇದ್ದರೆ ದೊಡ್ಡ ಮಾತು. ನಮ್ಮ ಮನೆಯದು ನನ್ನ ಅಂಗಿಯ ಜೇಬಿನಲ್ಲಿ ವಾಸವಾಗಿತ್ತು. ಪಡಸಾಲೆಯಲ್ಲಿ ಕುಳಿತರೆ ಸಿಗ್ನಲ್ ಇಲ್ಲ, ಕಿಟಕಿಗೆ ಬಂದರೆ ಒಂದು ಗೆರೆ, ಮಾಳಿಗೆ ಹತ್ತಿದರೆ ಪೂರ್ತಿ. ಫೋನಿನಲ್ಲಿ ಮಾತಾಡುವುದು ಶ್ರೀಮಂತರ ಚಟವೆಂದು ತಿಳಿದು ನಾವೆಲ್ಲ ಬರೀ ಮಿಸ್ ಕಾಲ್ ಮೇಲೆಯೇ ಸಂಸಾರ ಸಾಗಿಸುತ್ತಿದ್ದೆವು. ಆಲಮೇಲದ ನನ್ನ ಮಾವನವರು ಬಸ್ ಹತ್ತಿದರೆ ಒಂದು ಮಿಸ್ ಕಾಲ್, ಇಳಿದರೆ ಇನ್ನೊಂದು. ಒಮ್ಮೆ ನಾನು ಅಪ್ಪಿತಪ್ಪಿ ಎತ್ತಿ "ಹಲೋ" ಅಂದುಬಿಟ್ಟೆ. ಅಳಿಯನಿಗೆ ಲೋಕಜ್ಞಾನವಿಲ್ಲ ಎಂದು ಅವರು ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ಬಂದರು.

ಆ ಫೋನಿಗೆ ನನ್ನ ಹೆಂಡತಿಯ ತಮ್ಮ ಒಂದು ರಿಂಗ್‌ಟೋನ್ ಹಾಕಿಕೊಟ್ಟಿದ್ದ. ಕೂಸೊಂದು ನಗುವ ಸದ್ದು. ಮೊದಲು ಕುಲುಕುಲು ಎಂದು ಸಣ್ಣಗೆ ಶುರುವಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ಕೇಕೆ ಹಾಕುವ ನಗು. ಅದನ್ನು ತೆಗೆಯುವುದು ಹೇಗೆಂದು ಅವನು ಹೇಳಿ ಹೋಗಲಿಲ್ಲ. ನಾನು ಕೆಲಸ ಮಾಡುವ ಸೊಸೈಟಿಯಲ್ಲಿ ತೀರಿಕೊಂಡ ಚೇರ್ಮನ್ನರಿಗೆ ಮೌನ ಆಚರಿಸುವಾಗ ಅದು ಒಮ್ಮೆ ನಕ್ಕಿತ್ತು. ಅಂದಿನಿಂದ ನನ್ನನ್ನು ಸಂತಾಪ ಸಭೆಗಳಿಗೆ ಕರೆಯುವುದನ್ನು ಬಿಟ್ಟಿದ್ದರು.

ಸಭೆಗೆ ಕರೆಯದಿದ್ದರೂ ಭಾಷಣ ಬರೆಸಿಕೊಳ್ಳಲು ಮಾತ್ರ ನನ್ನ ಬಳಿಯೇ ಬರುತ್ತಿದ್ದರು. ನಿವೃತ್ತರಾದವರ ಬೀಳ್ಕೊಡುಗೆಯಿರಲಿ, ಮದುವೆಯ ವಂದನಾರ್ಪಣೆಯಿರಲಿ, ನಮ್ಮ ಓಣಿಯಲ್ಲಿ ಯಾರು ಬಾಯಿ ತೆರೆದರೂ ಒಳಗಿನ ಮಾತು ನನ್ನದೇ. ಹೀಗಾಗಿ ಐದನೆಯ ಇಯತ್ತೆ ಓದುವ ನನ್ನ ಮಗಳು ಪವಿತ್ರಾ, "ಅಪ್ಪಾ, ಬಾಗೇವಾಡ್ಯಾಗ ಭಾಷಣ ಸ್ಪರ್ಧೆ ಐತಿ, 'ಚಿಕ್ಕ ಮಕ್ಕಳಿಗೆ ಸ್ವಂತ ಮೊಬೈಲ್ ಬೇಕೆ?' ಅಂತ ವಿಷಯ ಕೊಟ್ಟಾರ" ಎಂದು ಬಂದು ಹೇಳಿದಾಗ ನಾನು ಲೇಖನಿಯ ಟೊಪ್ಪಿಗೆ ಆಗಲೇ ತೆಗೆದಿದ್ದೆ.

ಬೇಡ ಎಂದು ಬರೆದೆ. ಮೊಬೈಲ್ ಮಕ್ಕಳ ಏಕಾಗ್ರತೆಯನ್ನು ಕೆಡಿಸುತ್ತದೆ, ಕಣ್ಣನ್ನು ಕೆಡಿಸುತ್ತದೆ, ಮನೆತನದ ಮರ್ಯಾದೆಯನ್ನು ಕೆಡಿಸುತ್ತದೆ ಎಂದು ಬರೆದೆ. ಬರೆದು ಮುಗಿಸಿದಾಗ ನನಗೇ ಕಣ್ಣು ತೇವವಾಯಿತು.

ಪವಿತ್ರಾ ಓದಿ ನೋಡಿದಳು. "ಅಪ್ಪಾ, ಒಂದೊಂದು ವಾಕ್ಯ ಭಾಳ ಉದ್ದ ಅದಾವ. ಉಸುರು ಸಾಲೂದಿಲ್ಲ. ನಾ ಸ್ವಲ್ಪ ಸಣ್ಣ ಮಾಡ್ಕೋತೇನಿ. ಕಡೀಕಿನ ಮಾತು ಮಾತ್ರ ನಂದ ಇರಲಿ."

"ಏನೈತಿ ಕಡೀಕಿನ ಮಾತು?"

"ಅಲ್ಲೇ ಹೇಳ್ತೇನಿ. ಇನ್ನೊಂದು ಮಾತು. ಈ ಸಲ ನೀ ಬರಬ್ಯಾಡ."

ನಾನು ಹೆಂಡತಿಯ ಮುಖ ನೋಡಿದೆ. ಶಾಂತಾ ಸಜ್ಜೆ ಹಸನು ಮಾಡುವುದನ್ನು ನಿಲ್ಲಿಸದೆ, "ಖರೇ ಐತಿ. ಹೋದ ವರ್ಷದ್ದು ಮರತ್ರೇನು?" ಅಂದಳು.

ಮರೆತಿರಲಿಲ್ಲ. ಹೋದ ವರ್ಷ ಇಂಡಿ ಪಟ್ಟಣದಲ್ಲಿ ಸ್ಪರ್ಧೆಯಿತ್ತು. ನಾನು ಮುಂದಿನ ಸಾಲಿನಲ್ಲಿ ಕುಳಿತು, ಹುಡುಗಿಗೆ ಧೈರ್ಯ ಬರಲೆಂದು ಅವಳ ಜೊತೆಗೇ ತುಟಿ ಆಡಿಸುತ್ತಿದ್ದೆ. ಸಡಗರದಲ್ಲಿ ನಾನು ಅವಳಿಗಿಂತ ಒಂದು ಪ್ಯಾರಾ ಮುಂದೆ ಹೋಗಿಬಿಟ್ಟೆ. ಅವಳು ನನ್ನ ತುಟಿ ನೋಡಿ ಗಲಿಬಿಲಿಯಾಗಿ, ನಡುವೆಯೇ ನಿಂತು, ಮೈಕಿನ ಮುಂದೆ ಅತ್ತುಬಿಟ್ಟಳು. ಬಹುಮಾನ ಹೋದದ್ದಕ್ಕಲ್ಲ, ಮುಗಿಸದೆ ಇಳಿಯಬೇಕಾಯಿತಲ್ಲ, ಅದಕ್ಕೆ. ವರ್ಷವಿಡೀ ಅವಳಿಗೆ ಒಂದೇ ಹಟ: ಈ ಸಲ ಪೂರ್ತಿ ಹೇಳಿ ಇಳಿಯಬೇಕು.

"ಆಯ್ತು, ಬರೂದಿಲ್ಲ," ಎಂದು ಗಂಭೀರವಾಗಿ ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಮನೆಯಲ್ಲಿ ಕುಳಿತುಕೊಳ್ಳುವುದು ಕಷ್ಟ. ಹಿಂದಿನ ದಿನದಿಂದಲೇ ನನಗೆ ಚಡಪಡಿಕೆ ಶುರುವಾಯಿತು. ಬಸ್ಸು ಸರಿಯಾಗಿ ಹೋಗುತ್ತದೋ ಇಲ್ಲವೋ, ಇಳಿಯುವಲ್ಲಿ ಇಳಿಯುತ್ತಾಳೋ ಇಲ್ಲವೋ, ಊಟ, ನೀರು, ಬಿಸಿಲು. ಜೊತೆಗೆ ಅವಳ ಅಕ್ಕೋರು ಹೊರಟಿದ್ದರು. ಮೂವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂಡ್ರಿಸುವ ಗಟ್ಟಿ ಶಿಕ್ಷಕಿ ಅವರು. ಆದರೂ ನನಗೆ ನಂಬಿಕೆಯಿಲ್ಲ.

ಶನಿವಾರ ಬೆಳಿಗ್ಗೆ ಸಿಂದಗಿ ಬಸ್ ನಿಲ್ದಾಣದಲ್ಲಿ ಅಕ್ಕೋರು ಬಸ್ಸಿನೊಳಗೆ ಸೀಟು ಹಿಡಿಯಲು ಹೋದಾಗ, ನಾನು ಮಗಳನ್ನು ಪಕ್ಕಕ್ಕೆ ಕರೆದೆ. ಜೇಬಿನಿಂದ ಫೋನ್ ತೆಗೆದು ಅವಳ ಸಾಲೆಯ ಚೀಲದಲ್ಲಿ ತುರುಕಿದೆ. ಭಾಷಣದಲ್ಲಿ ಬರೆದದ್ದೊಂದು, ಮಾಡಿದ್ದೊಂದು ಎಂದು ನೀವು ಹೇಳಬಹುದು. ಹಾಗಲ್ಲ. ಮಕ್ಕಳಿಗೆ ಸ್ವಂತ ಮೊಬೈಲ್ ಕೂಡದು ಎಂದು ನಾನು ಬರೆದಿದ್ದೆ. ಇದು ಸ್ವಂತದ್ದಲ್ಲ, ನನ್ನದು. ತತ್ವಕ್ಕೆ ಕೂದಲೆಳೆಯಷ್ಟೂ ಭಂಗವಿಲ್ಲ.

"ಮುಟ್ಟಿದ ಕೂಡ್ಲೆ ನನ್ನ ನಂಬರಿಗೆ ಒಂದು ಮಿಸ್ ಕಾಲ್ ಕೊಡು. ಯಾರರ ಹಚ್ಚಿದ್ರ ಎತ್ತಬ್ಯಾಡ. ತುಟ್ಟಿ ಸಾಮಾನು, ಚೀಲ ಹೆಗಲಿಂದ ಇಳಿಸಬ್ಯಾಡ. ಅಕ್ಕೋರಿಗೂ ಹೇಳಬ್ಯಾಡ."

"ಅಪ್ಪಾ, ಆದ್ರ ಇದು ನಿನ್ನ…"

"ಎದುರು ಮಾತಾಡಬ್ಯಾಡ. ಹೇಳಿದಷ್ಟ ಮಾಡು."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಸ್ ಹತ್ತಿದಳು. ನಾನು ಹಗುರವಾದ ಜೇಬಿನಿಂದ, ಅದಕ್ಕಿಂತ ಹಗುರವಾದ ಮನಸ್ಸಿನಿಂದ ಮನೆಗೆ ಬಂದೆ.

ಮಿಸ್ ಕಾಲಿಗೆ ಕಾಯಲೆಂದೇ ಸೊಸೈಟಿಗೆ ರಜೆ ಹಾಕಿದ್ದೆ. ಮಾಳಿಗೆ ಹತ್ತಿ ಇಳಿದೆ. ಇಳಿದು ಹತ್ತಿದೆ. ಚಹಾ ಕುಡಿದೆ. ಕುಡಿದ ಚಹಾ ಇನ್ನೂ ಗಂಟಲಲ್ಲಿರುವಾಗಲೇ ಇನ್ನೊಂದು ಕೇಳಿದೆ. ಪಡಸಾಲೆಯಲ್ಲಿ ಅತ್ತಿಂದಿತ್ತ ನನ್ನ ಓಡಾಟ ನೋಡಿ ಶಾಂತಾ, "ಕುಂದ್ರರಿ ಒಂದ್ ಕಡಿ. ಹುಡುಗಿ ಭಾಷಣಕ್ಕ ಹೋಗ್ಯಾಳ, ಯುದ್ಧಕ್ಕ ಹೋಗಿಲ್ಲ" ಅಂದಳು.

"ಇಷ್ಟೊತ್ತಿಗೆ ಮುಟ್ಟಬೇಕಾಗಿತ್ತು. ಮಿಸ್ ಕಾಲ್ ಬರವಲ್ದು."

"ಎಲ್ಲಿಗೆ ಬರತೈತಿ?"

"ನನ್ನ ಫೋನಿಗೆ."

"ನಿಮ್ಮ ಫೋನ್ ಎಲ್ಲೈತಿ?"

"ಪವಿತ್ರಾನ ಚೀಲದಾಗ."

ಶಾಂತಾ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು. "ಅಂದ್ರ ಆಕಿ ನಿಮ್ಮ ಫೋನಿಂದ ನಿಮ್ಮ ಫೋನಿಗೆ ಹಚ್ಚಬೇಕು. ಹಚ್ಚಿ, ಆಕೀನ ನೋಡ್ಕೊಂಡು, ಅಪ್ಪಗ ಮುಟ್ಟೇತಿ ಅಂತ ಸಮಾಧಾನ ಮಾಡ್ಕೋಬೇಕು. ಹೌದಲ್ರಿ?"

ಮಿಸ್ ಕಾಲ್ ಬರುತ್ತದೆ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಎಲ್ಲಿಗೆ ಬರುತ್ತದೆ ಎಂಬ ಸಣ್ಣ ವಿವರವನ್ನು ಮಾತ್ರ ಯೋಚಿಸಿರಲಿಲ್ಲ. ನಾನು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ ಹೊಂಟ್ರಿ?"

"ಗಿರಣಿಗೆ."

ನಮ್ಮ ಮನೆಗೆ ತೀರ ಸಮೀಪದ ಫೋನ್ ಇದ್ದದ್ದು ಹಿಟ್ಟಿನ ಗಿರಣಿಯ ರಾಜೇಸಾಬರ ಹತ್ತಿರ. ಒಳ್ಳೆಯ ಮನುಷ್ಯ, ಆದರೆ ಚಿಂತೆಯ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಅವರ ಫೋನಿನಿಂದ ನನ್ನ ನಂಬರಿಗೆ ಹಚ್ಚಿದೆ. ಒಬ್ಬ ಹೆಣ್ಣುಮಗಳು ಬಹಳ ಮಧುರವಾಗಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು.

"ಏನಂದ್ಳ್ರಿ?" ಗಿರಣಿಯ ಸದ್ದಿನಲ್ಲಿ ರಾಜೇಸಾಬರು ಕೂಗಿ ಕೇಳಿದರು.

"ವ್ಯಾಪ್ತಿ ಪ್ರದೇಶದ ಹೊರಗ ಅದಾರಂತ."

"ಹೊರಗ ಅಂದ್ರ? ಬಾಗೇವಾಡಿ ದಾಟಿ ಹೋದ್ಳೇನು ಹುಡುಗಿ?"

ಈ ಪ್ರಶ್ನೆ ಅವರು ಕೇಳಬಾರದಿತ್ತು. ಬಾಗೇವಾಡಿ ದಾಟಿದರೆ ಮುಂದೆ ಆಲಮಟ್ಟಿ. ಆಲಮಟ್ಟಿಯಲ್ಲಿ ಆಣೆಕಟ್ಟು. ಆಣೆಕಟ್ಟಿನ ತುಂಬ ನೀರು. ನನ್ನ ತಲೆ ಅಷ್ಟು ದೂರ ಹೋಗಿಯೇಬಿಟ್ಟಿತು. ಮತ್ತೆ ಹಚ್ಚಿದೆ. ಮತ್ತೆ ಅದೇ ಮಧುರ ಧ್ವನಿ. ಜೋಳದ ಡಬ್ಬಿ ಹಿಡಿದು ಪಾಳಿಗೆ ನಿಂತವರೆಲ್ಲ ನನ್ನ ಸುತ್ತ ನೆರೆದರು. "ಒಬ್ಬರ ಫೋನಿಂದ ಹತ್ತದಿದ್ರ ಇನ್ನೊಬ್ಬರ ಫೋನಿಂದ ಹತ್ತತೈತ್ರಿ," ಎಂದು ಯಾರೋ ಅಂದರು. ಸರಿಯೆನಿಸಿತು. ಅಲ್ಲಿ ಫೋನ್ ಇದ್ದವರಿಗೆ, ಮನೆಯಲ್ಲಿ ಫೋನ್ ಇದ್ದವರಿಗೆ, ಫೋನ್ ಇರುವ ಭಾವಮೈದುನ ಇದ್ದವರಿಗೆ ಕೂಡ ನನ್ನ ನಂಬರ್ ಹೇಳಿದೆ. ಹತ್ತುವವರೆಗೂ ಬಿಡಬೇಡಿ ಎಂದು ಕೈಮುಗಿದೆ. ನಮ್ಮ ಓಣಿಯ ಜನ ಉಪಕಾರಿಗಳು, ಒಬ್ಬರೂ ಇಲ್ಲ ಅನ್ನಲಿಲ್ಲ.

"ನಡೀರಿ, ಹೋಗೇ ಬಿಡೂಣು," ಎಂದು ರಾಜೇಸಾಬರು ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ ಬೈಕ್ ತೆಗೆದರು. ಬರುವುದಿಲ್ಲ ಎಂದು ಮಗಳಿಗೆ ಕೊಟ್ಟ ಮಾತು ಆಗ ನೆನಪಾಯಿತು. ಆದರೆ ಬೈಕಿನ ಹಿಂದೆ ಆಗಲೇ ಕುಳಿತಾಗಿತ್ತು.

ಬೈಕ್ ಓಡಿಸುವುದು ಅವರ ಕೆಲಸ, ಹಿಂದೆ ಕುಳಿತು ಅವರ ಫೋನಿನ ಹಸಿರು ಗುಂಡಿ ಒತ್ತುವುದು ನನ್ನ ಕೆಲಸ. ದೇವರ ಹಿಪ್ಪರಗಿಯಲ್ಲಿ ಒತ್ತಿದೆ, ಹೊರಗಿದ್ದಾರೆ. ಅಲ್ಲಿಂದ ಮುಂದೆ ತೊಗರಿ ಹೊಲಗಳ ನಡುವೆ ಒತ್ತಿದೆ, ಹೊರಗಿದ್ದಾರೆ. ನನ್ನ ಹೆಬ್ಬೆರಳಿಗೆ ಅದೊಂದು ಚಟವೇ ಆಗಿಹೋಯಿತು. ಬಾಗೇವಾಡಿಯ ಊರೊಳಗೆ ಬೈಕ್ ನುಗ್ಗಿದಾಗ ಒಮ್ಮೆಲೇ ಸದ್ದು ಬದಲಾಯಿತು.

"ರಾಜೇಸಾಬ್ರ, ರಿಂಗ್ ಆಗಾಕತ್ತೈತಿ!"

"ಎತ್ತಿದ್ರೇನು?"

"ಎತ್ತವಲ್ರು."

ರಾಜೇಸಾಬರು ಬೈಕಿನ ವೇಗ ಕಡಿಮೆ ಮಾಡಿ, ಸಣ್ಣ ದನಿಯಲ್ಲಿ, "ಅಂದ್ರ ಫೋನ್ ಐತಿ. ಎತ್ತಾಕ ಆಕಿ ಇಲ್ಲ" ಅಂದರು. ಯಾರು ಹಚ್ಚಿದರೂ ಎತ್ತಬೇಡ ಎಂದು ಬೆಳಿಗ್ಗೆ ಉಪದೇಶ ಮಾಡಿದ ಮಹಾನುಭಾವ ಯಾರೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಸ್ಪರ್ಧೆ ನಡೆಯುವ ಸಾಲೆಯ ಅಂಗಳಕ್ಕೆ ಬಂದು ಇಳಿದಾಗ ಹೊರಗೆ ಕಟ್ಟಿದ ಸ್ಪೀಕರಿನಲ್ಲಿ ಒಂದು ಧ್ವನಿ ಕೇಳಿತು. "ಮಾನ್ಯ ನಿರ್ಣಾಯಕರೇ, ಮೊಬೈಲ್ ಎಂಬುದು ಮಕ್ಕಳ ಏಕಾಗ್ರತೆಯನ್ನು…" ನನ್ನ ಮಗಳು! ಬದುಕಿದ್ದಾಳೆ, ನಿಂತಿದ್ದಾಳೆ, ಮಾತಾಡುತ್ತಿದ್ದಾಳೆ. ನನಗೆ ಅಳುವೇ ಬಂತು. ಫೋನ್ ಇನ್ನೂ ಕಿವಿಗೇ ಇತ್ತು. ಕಿವಿಯಲ್ಲಿ ರಿಂಗ್ ಎಂದಿತು. ಸ್ಪೀಕರಿನಲ್ಲಿ ಕೂಸು ಕುಲುಕುಲು ನಕ್ಕಿತು.

ಸಭಾಭವನದ ಕಲ್ಲಿನ ಗೋಡೆಗಳೊಳಗೆ ಸಿಗ್ನಲ್ ಇರಲಿಲ್ಲವಂತೆ. ವೇದಿಕೆಯ ಪಕ್ಕದಲ್ಲಿ ಮಾತ್ರ ಒಂದು ದೊಡ್ಡ ಕಿಟಕಿ. ಮಕ್ಕಳೆಲ್ಲ ಬರಿಗೈಯಲ್ಲಿ ವೇದಿಕೆ ಹತ್ತಿದರೆ, ನನ್ನ ಮಗಳು ಅಪ್ಪ ಹೇಳಿದ ಹಾಗೆ ಚೀಲವನ್ನು ಹೆಗಲಿಂದ ಇಳಿಸದೆ ಹತ್ತಿದ್ದಳು. ಅಕ್ಕೋರು "ಚೀಲ ಕೊಡವ್ವಾ" ಎಂದು ಕೇಳಿದರೂ ಕೊಟ್ಟಿರಲಿಲ್ಲ. ಹೀಗೆ ಕಿಟಕಿ, ಚೀಲ, ಮೈಕು ಮೂರೂ ಒಂದೆಡೆ ಸೇರಿದ್ದವು. ನಾಲ್ಕನೆಯವನಾಗಿ ನಾನು ಬಂದು ತಲುಪಿದ್ದೆ.

ಗಾಬರಿಯಲ್ಲಿ ಕರೆ ಕಡಿಯಲು ಹೋದೆ. ಪರರ ಫೋನು. ಯಾವ ಗುಂಡಿ ಒತ್ತಿದೆನೋ, ಕಡಿದು ಮತ್ತೆ ಹತ್ತಿತು. ಕೂಸು ಈಗ ಕೇಕೆ ಹಾಕತೊಡಗಿತು. ಕೊನೆಗೆ ರಾಜೇಸಾಬರು ಕಸಿದುಕೊಂಡು ಫೋನನ್ನೇ ಬಂದ್ ಮಾಡಿದರು. ಆದರೂ ಕೂಸು ನಗುತ್ತಲೇ ಇತ್ತು. ಸಿಂದಗಿಯ ಗಿರಣಿಯಲ್ಲಿ ಉಪಕಾರಿಗಳ ಸರದಿ ಬಂದಿತ್ತು.

ನಾನು ಬಾಗಿಲಿಗೆ ಓಡಿದೆ. ಒಳಗೆ ಸಭೆಯೆಲ್ಲ ನಗುತ್ತಿತ್ತು. ಪವಿತ್ರಾ ಮಾತು ನಿಲ್ಲಿಸಿ, ಕೂಸಿನ ನಗು ಮುಗಿಯಲೆಂದು ಕಾದು ನಿಂತಿದ್ದಳು. ಮುಗಿಯಿತು. ಅವಳು ಬಾಯಿ ತೆರೆದಳು. ಮತ್ತೆ ಶುರುವಾಯಿತು. ಇನ್ನು ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಬಾಯಿಪಾಠದ ಕನ್ನಡವನ್ನು ಪಕ್ಕಕ್ಕಿಟ್ಟು ಮೈಕಿಗೆ ಬಾಯಿ ಹತ್ತಿರ ತಂದಳು.

"ತಪ್ಪು ತಿಳೀಬ್ಯಾಡ್ರಿ. ಈ ಫೋನ್ ನಂದಲ್ಲ, ನಮ್ಮಪ್ಪಂದು. ಹಚ್ಚಾಕತ್ತವ್ರೂ ಅವರ. ಎತ್ತಬ್ಯಾಡ ಅಂದವ್ರೂ ಅವರ. ಚೀಲ ಇಳಿಸಬ್ಯಾಡ ಅಂದವ್ರೂ ಅವರ. ಸಣ್ಣ ಹುಡುಗರ ಕೈಯಾಗ ಫೋನ್ ಇರಬೇಕೋ ಬ್ಯಾಡೋ ಆಮ್ಯಾಲ ನೋಡೂಣ್ರಿ. ಮೊದಲ ನಮ್ಮಪ್ಪನ ಕೈಯಾಗಿಂದ ಯಾರರ ತಗೋರಿ."

ಸಭೆ ಚಪ್ಪಾಳೆ ತಟ್ಟಿತು. ಆಗ ಅವಳ ಕಣ್ಣು ಬಾಗಿಲಿಗೆ ಬಿತ್ತು. "ಅಗಾ, ಅಲ್ಲೇ ನಿಂತಾರ ನೋಡ್ರಿ," ಅಂದಳು. ಎಲ್ಲರೂ ತಿರುಗಿದರು. ಗಿರಣಿಯಲ್ಲಿ ಬಹಳ ಹೊತ್ತು ನಿಂತಿದ್ದೆನಲ್ಲ, ತಲೆ, ಹುಬ್ಬು, ಮೀಸೆ ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿದ್ದವು. ನನ್ನ ಹಿಂದೆ ನನಗಿಂತ ಬೆಳ್ಳಗಿದ್ದ ರಾಜೇಸಾಬರು. ಏನು ಮಾಡಬೇಕೆಂದು ತೋಚದೆ ನಾನು ಸಭೆಗೆ ನಮಸ್ಕಾರ ಮಾಡಿದೆ. ಕೈಯಿಂದ ಹಿಟ್ಟು ಉದುರಿತು.

ಪವಿತ್ರಾ ಸಾವರಿಸಿಕೊಂಡು, "ಕೊನೆಯದಾಗಿ ನಾನು ಹೇಳುವುದೇನೆಂದರೆ…" ಎಂದು ಶುರುಮಾಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಫೋನಿನ ಗಂಟೆಯಲ್ಲ, ನಿರ್ಣಾಯಕರ ಗಂಟೆ. ವೇಳೆ ಮುಗಿದಿತ್ತು. ಅವಳ ಪಾಲಿನ ವೇಳೆಯನ್ನೆಲ್ಲ ಆ ಕೂಸು ನಕ್ಕು ಮುಗಿಸಿತ್ತು. ಅವಳು ಒಂದು ಕ್ಷಣ ಮೈಕನ್ನು ಹಿಡಿದುಕೊಂಡೇ ನಿಂತಳು. ಆಮೇಲೆ ಕೈಮುಗಿದು ಇಳಿದುಬಂದಳು.

ಆ ಒಂದು ಕ್ಷಣ ನನಗೆ ಇವತ್ತಿಗೂ ಚುಚ್ಚುತ್ತದೆ. ಹೋದ ವರ್ಷ ಎದುರಿಗೆ ಕುಳಿತು ಕೆಡಿಸಿದ್ದೆ. ಈ ವರ್ಷ ಮನೆಯಲ್ಲೇ ಇರುತ್ತೇನೆಂದು ಮಾತು ಕೊಟ್ಟು, ಮನೆಯಿಂದಲೇ ಶುರುಮಾಡಿ, ದಾರಿಯುದ್ದಕ್ಕೂ ಕೆಡಿಸುತ್ತ ಬಂದಿದ್ದೆ. ನಿರ್ಣಾಯಕರು, ಹುಡುಗಿ ಬಹಳ ಚೆನ್ನಾಗಿ ಮಾತಾಡಿದಳು, ಆದರೆ ಮುಗಿಸಲಿಲ್ಲ ಎಂದು ಹೇಳಿ, ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಅಕ್ಕೋರು ನನ್ನನ್ನು ನೋಡಿದ ನೋಟಕ್ಕೆ ನಾನು ಮೂವತ್ತೊಂದನೆಯ ಹುಡುಗನಾಗಿ ಬೆಂಚಿನ ತುದಿಯಲ್ಲಿ ಕುಳಿತೆ.

ರಾಜೇಸಾಬರು ಬೈಕಿನಲ್ಲಿ ಮರಳಿದರು. ನಾನು ಮಗಳ ಜೊತೆ ಬಸ್ ಹತ್ತಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ನನಗೋ ಕುಳಿತಲ್ಲಿ ಕೂರಲಾಗದು.

"ಪವಿತ್ರಾ, ತಪ್ಪಾತವ್ವಾ."

"ಹೂಂ."

"ಮಿಸ್ ಕಾಲ್ ಯಾಕ ಕೊಡಲಿಲ್ಲ?"

"ಕೊಟ್ನೆಪಾ. ಇಳಿದ ಕೂಡ್ಲೆ ಅಂಗಳದಾಗ ನಿಂತು ನಿನ್ನ ನಂಬರಿಗೆ ಹಚ್ಚಿದೆ. ಬಿಜಿ ಬಂತು. ಬೆಳಿಗ್ಗೆ ಇದನ್ನ ಹೇಳಾಕ ಬಂದಿದ್ದೆ, ಎದುರು ಮಾತಾಡಬ್ಯಾಡ ಅಂದಿ."

ನಾನು ಮೀಸೆಯ ಹಿಟ್ಟು ಒರೆಸಿಕೊಂಡು ಕೇಳಿದೆ: "ಕಡೀಕಿನ ಮಾತು ಏನಿತ್ತು? ಈಗರ ಹೇಳು. ನಾ ಒಬ್ಬನ ಕೇಳ್ತೇನಿ."

ಅವಳು ಕಿಟಕಿಯಿಂದ ತಿರುಗಿದಳು. ಸೀಟಿನಲ್ಲಿ ನೆಟ್ಟಗೆ ಕುಳಿತು, ಮೈಕಿನ ಮುಂದೆ ನಿಂತವಳ ಧ್ವನಿಯಲ್ಲಿ ಹೇಳಿದಳು: "ಕೊನೆಯದಾಗಿ ನಾನು ಹೇಳುವುದೇನೆಂದರೆ, ನಮಗೆ ಮೊಬೈಲ್ ಬೇಕಾಗಿಲ್ಲ. ನಾವು ಶಾಲೆಗೆ ಹೋಗುತ್ತೇವೆ ಎಂದು ಹೇಳಿ ಹೊರಟರೆ ಶಾಲೆಯಲ್ಲೇ ಇರುತ್ತೇವೆ. ಸಂಜೆಗೆ ಮನೆಗೆ ಬರುತ್ತೇವೆ. ಅಲ್ಲಿಯವರೆಗೆ ದಯವಿಟ್ಟು ನೀವು ಮನೆಯಲ್ಲಿರಿ."

ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಚೀಲದೊಳಗೆ ಕೂಸು ನಕ್ಕಿತು. ನನ್ನ ಕೈ ತಾನಾಗಿಯೇ ಅತ್ತ ಹೋಯಿತು. ಪವಿತ್ರಾ ಹೆಸರು ನೋಡಿ ನನ್ನ ಕೈ ಹಿಡಿದಳು. "ಎತ್ತಬ್ಯಾಡ. ಆಲಮೇಲದ ಅಜ್ಜ ಬಸ್ ಹತ್ತ್ಯಾನ." ಇಡೀ ದಿನದಲ್ಲಿ ಸರಿಯಾದ ಜಾಗದಿಂದ ಸರಿಯಾದ ಜಾಗಕ್ಕೆ ಬಂದ ಮಿಸ್ ಕಾಲ್ ಅದೊಂದೇ.

ಮರುವರ್ಷ ಮುದ್ದೇಬಿಹಾಳದಲ್ಲಿ ಸ್ಪರ್ಧೆಯಿತ್ತು. ಈ ಸಲ ಭಾಷಣವನ್ನು ಅವಳೇ ಬರೆದುಕೊಂಡಳು. ವಿಷಯ ಏನೆಂದು ಕೂಡ ನನಗೆ ಹೇಳಲಿಲ್ಲ. ಬಸ್ ನಿಲ್ದಾಣಕ್ಕೆ ನಾನು, ಶಾಂತಾ ಇಬ್ಬರೂ ಹೋಗಿದ್ದೆವು. ಬಸ್ ಹತ್ತುವ ಮುನ್ನ ಪವಿತ್ರಾ ನನ್ನ ಮುಂದೆ ಕೈ ಚಾಚಿದಳು. "ಅಪ್ಪಾ, ಫೋನ್ ಕೊಡು."

ನನ್ನ ಎದೆಯುಬ್ಬಿತು. ಎಷ್ಟಾದರೂ ಮಕ್ಕಳು, ದೂರದ ಊರು, ಅಪ್ಪನ ಕಾಳಜಿ ಕೊನೆಗೂ ಅರ್ಥವಾಯಿತು ಎಂದುಕೊಂಡು ತಕ್ಷಣ ತೆಗೆದುಕೊಟ್ಟೆ. ಅವಳು ಅದನ್ನು ತಾಯಿಯ ಕೈಗಿಟ್ಟಳು.

"ಅವ್ವಾ, ನಾ ಬರೂತನಾ ಇದನ್ನ ಅಪ್ಪಗ ಕೊಡಬ್ಯಾಡ."

ಬಸ್ಸು ಹೋಯಿತು. ಮನೆಯಲ್ಲಿ ಕುಳಿತೆ, ಎದ್ದೆ. ಮಾಳಿಗೆ ಹತ್ತಿದೆ. ಅಲ್ಲಿ ಸಿಗ್ನಲ್ ಪೂರ್ತಿ ಇತ್ತು, ಫೋನ್ ಇರಲಿಲ್ಲ. ಕೆಳಗಿಳಿದು, ಸುಮ್ಮನೆ ಕಾಲಾಡಿಸಿ ಬರುತ್ತೇನೆಂದು ಶಾಂತಾಗೆ ಹೇಳಿ ಗಿರಣಿಯ ಕಡೆ ಹೋದೆ. ರಾಜೇಸಾಬರು ದೂರದಿಂದಲೇ ನನ್ನನ್ನು ಕಂಡರು. ತಮ್ಮ ಫೋನನ್ನು ಜೇಬಿನಿಂದ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ತಾವೇ ಕುಳಿತರು.

"ಮಗಳು ಹೇಳಿ ಹೋಗ್ಯಾಳ್ರಿ," ಅಂದರು. "ಅಲ್ಲೇ ಚೀಲದ ಮ್ಯಾಲ ಕುಂದ್ರರಿ."

ನಾನು ಜೋಳದ ಚೀಲದ ಮೇಲೆ ಕೈಕಟ್ಟಿ ಕುಳಿತೆ. ಸಂಜೆ, ಭಾಷಣವನ್ನು ಪೂರ್ತಿ ಹೇಳಿ ಇಳಿದ ಪವಿತ್ರಾ ತಾನೇ ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋದಳು.